ದೀಪಸ್ತಂಭದ ಕಾದಂಬರಿ, ಅವ್ವನ ಹೆಬ್ಬೆಟ್ಟು

ನಮ್ಮವ್ವನಿಗೆ ಪತ್ತೇದಾರಿ ಕಾದಂಬರಿ ಎಂದರೆ ಪ್ರಾಣ. ಓದಿ ಹೇಳುವವಳು ನಾನು. ಅವ್ವ ಬ್ಯಾಂಕಿಗೆ ಹೋದರೂ ಅಂಚೆ ಕಚೇರಿಗೆ ಹೋದರೂ ಹೆಬ್ಬೆರಳು ಚಾಚಿ ನಿಲ್ಲುವವಳು. "ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದೆ, ಈ ಹೆಬ್ಬೆಟ್ಟಿಗೆ ಕಲಿಸಾಕೆ ಆಗಲಿಲ್ಲ" ಎಂದು ಟೀಚರಾದ ನಾನು ಬಂದವರೆದುರೆಲ್ಲ ಆಡಿಕೊಳ್ಳುತ್ತಿದ್ದೆ. ಅವ್ವ ನಕ್ಕುಬಿಡುತ್ತಿದ್ದಳು.

ಕಳೆದ ಬೇಸಿಗೆಯಲ್ಲಿ ಹೊನ್ನಾಳಿಯ ಲೈಬ್ರರಿಯಿಂದ ಒಂದು ಕಾದಂಬರಿ ತಂದೆ. ಸಮುದ್ರದ ನಡುವೆ ಬಂಡೆ, ಅದರ ಮೇಲೊಂದು ದೀಪಸ್ತಂಭ, ಅದನ್ನು ಕಾಯುವ ಎರಡು ಸಂಸಾರ. ಹಿರಿಯ ಕಾವಲುಗಾರ ತಿಂಗಳುಗಳಿಂದ ಯಾರ ಕಣ್ಣಿಗೂ ಬಿದ್ದಿಲ್ಲ. ಆದರೂ ದೀಪ ದಿನವೂ ಉರಿಯುತ್ತಿದೆ, ದಿನಚರಿ ಪುಸ್ತಕದಲ್ಲಿ ಅವನದೇ ಕೈಬರಹವಿದೆ. ನನ್ನ ಅನುಮಾನವೆಲ್ಲ ಕಿರಿಯ ಕಾವಲುಗಾರನ ಮೇಲೆ.

ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅವ್ವ, "ಆ ಹಿರೇ ಕಾವಲುಗಾರನ ಹೆಂಡ್ತಿ ಕಣೇ. ಅವನಿಗೆ ಏನೋ ಕಾಯಿಲೆ ಐತೆ. ಕೆಲಸ ಹೋದ್ರೆ ಮನೇನೂ ಹೋಗ್ತೈತೆ ಅಂತ ಅವಳೇ ಬರೀತಾಳೆ" ಎಂದಳು.

"ಬಂದ್ಲು ನೋಡು ಪತ್ತೇದಾರಿಣಿ" ಎಂದು ರೇಗಿಸಿ ಮುಂದೆ ಓದಿದೆ. ಕೊನೆಯ ಅಧ್ಯಾಯದಲ್ಲಿ ಸಿಕ್ಕಿಬಿದ್ದವಳು ಹೆಂಡತಿಯೇ.

"ನಿನಗೆ ಹೆಂಗೆ ಗೊತ್ತಾತವ್ವಾ?"

"ನಾನೂ ಅದನ್ನೇ ಮಾಡಿದ್ನಲ್ಲ" ಅಂದುಬಿಟ್ಟಳು. ಅಂದವಳ ಕೈ ಅಲ್ಲೇ ನಿಂತಿತು.

ಅಪ್ಪ ತ್ಯಾವಣಿಗೆ ಕಡೆ ನಾಲೆಯ ಸೌಡಿಯಾಗಿದ್ದ. ತೂಬಿನ ಗೇಟು ಎತ್ತಿ ಇಳಿಸುವುದು, ಬೆಳಿಗ್ಗೆ ಸಂಜೆ ನೀರಿನ ಮಟ್ಟ ನೋಡಿ ರಿಜಿಸ್ಟರಿನಲ್ಲಿ ಬರೆಯುವುದು ಅವನ ಕೆಲಸ. ದಡದ ಮೇಲಿನ ಕ್ವಾರ್ಟರ್ಸೇ ನಮ್ಮ ಮನೆ. ರಿಟೈರಾಗುವ ತನಕ ನಮ್ಮಪ್ಪ ಒಂದು ಅಂಕಿ ತಪ್ಪು ಬರೆದವನಲ್ಲ ಎಂದು ಇವತ್ತಿಗೂ ಕ್ಲಾಸಿನಲ್ಲಿ ಜಂಬ ಕೊಚ್ಚುತ್ತೇನೆ.

"ನೀನು ಹಾಸ್ಟೆಲ್‌ಗೆ ಹೋದ ವರ್ಷ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಬಂತು. ಮನೆಯೊಳಗೆ ಓಡಾಡ್ತಿದ್ರು, ಅಕ್ಷರ ಅಂಕಿ ಮಾತ್ರ ಕಾಣ್ತಿರಲಿಲ್ಲ. ಹಳೇ ರಿಜಿಸ್ಟರ್ ಮುಂದಿಟ್ಕೊಂಡು ಅವರಂಗೇ ಬರೆಯಾದು ಕಲ್ತೆ. ಕೊನೇ ನಾಕು ವರ್ಷ ನಾನೇ ಬರೆದೆ."

"ನಿನಗೆ ಬರೆಯಾಕೆ ಬರ್ತೈತಾ?"

"ನಾಕನೇ ಕ್ಲಾಸು ಓದೀನಿ. ಸಾಹೇಬ್ರು ನನ್ನ ಅಕ್ಷರ ಎಲ್ಲಾದ್ರೂ ಕಂಡ್ರೆ ಗುರುತು ಹಿಡೀತಾರೆ ಅಂತ ಎಲ್ಲಾ ಕಡೆ ಹೆಬ್ಬೆಟ್ಟು ಒತ್ತಿದೆ. ನೀನೋ ಬಾಯಿಬಡುಕಿ, ನಿನಗೆ ಹೇಳಾಕಾಗ್ತಿತ್ತಾ? ಆಮೇಲೆ ಅದೇ ರೂಢಿ ಆತು."

ತಟ್ಟನೆ ಎದ್ದು ಹೋಗಿ ಟ್ರಂಕು ತೆಗೆದೆ. ಹಾಸ್ಟೆಲ್ಲಿಗೆ ಅಪ್ಪ ಬರೆದ ಕಾಗದಗಳು. ಅಪ್ಪ ಹೋದ ಮೇಲೆ ಎಷ್ಟು ಸಲ ಅವನ್ನು ಕಣ್ಣಿಗೊತ್ತಿಕೊಂಡಿದ್ದೇನೋ.

"ಇವು?"

ಅವ್ವ ತಲೆ ಎತ್ತಲಿಲ್ಲ. "ಅವರು ಹೇಳೋರು, ನಾನು ಬರೆಯಾಕಿ. ಅವರಿಗೆ ಹುಷಾರಿಲ್ಲದ ದಿನ ಮಾತೂ ನಂದೇ ಇರ್ತಿತ್ತು."

ಹಾಸ್ಟೆಲ್ ಸೇರಿದ ವರ್ಷದ ಕೊನೆಯಲ್ಲಿ ಒಮ್ಮೆ ಇಬ್ಬರೂ ನೋಡಲು ಬಂದಿದ್ದರು. ಅವ್ವ ಬಾಗಿಲ ಬಳಿಯ ರಿಜಿಸ್ಟರಿಗೆ ಹೆಬ್ಬೆಟ್ಟು ಒತ್ತಿದ್ದಳು. ಅವತ್ತೇ ನಾನು ಕಾಗದ ಬರೆದೆ: 'ಅಪ್ಪಾ, ಇನ್ನು ಮುಂದೆ ಅವ್ವನನ್ನು ಕರೆದುಕೊಂಡು ಬರಬೇಡ. ಹೆಬ್ಬೆಟ್ಟಿನ ಮಗಳು ಎಂದು ಗೆಳತಿಯರು ನಗುತ್ತಾರೆ.' ಆಮೇಲೆ ಅವ್ವ ಬರಲೇ ಇಲ್ಲ. ಅಕ್ಷರ ಕಾಣದ ಅಪ್ಪನ ಪಕ್ಕ ಕೂತು ಆ ಕಾಗದ ಓದಿ ಹೇಳಿದವಳು ಅವ್ವ.