ಅಲ್ಸೇಷಿಯನ್ ಮರಿಗೆ ಮೊಸರನ್ನ

ನಾವು ಕೆಸರೆಯಲ್ಲಿದ್ದ ತೊಂಬತ್ತರ ದಶಕದಲ್ಲಿ ಜಾತಿ ನಾಯಿ ಎಂದರೆ ಎರಡೇ: ಅಲ್ಸೇಷಿಯನ್, ಇಲ್ಲವೇ ಡಾಬರ್‌ಮನ್. ಪಾಮೇರಿಯನ್ನನ್ನು ನಮ್ಮ ಬೀದಿಯ ಮಕ್ಕಳು ನಾಯಿ ಎಂದೇ ಒಪ್ಪುತ್ತಿರಲಿಲ್ಲ. ಪಕ್ಕದ ಮನೆಗೆ ಕಳ್ಳರು ನುಗ್ಗಿದ ಮೇಲೆ, ಹೆಬ್ಬಾಳದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದ ಅಪ್ಪ, ನಾಯಿ ತರುವುದೇ ಸರಿ ಎಂದರು. ನನಗಾಗ ಹತ್ತು ವರ್ಷ.

ಒಂದು ಭಾನುವಾರ ಅಶೋಕಪುರಂನಲ್ಲಿ ಮರಿ ಮಾರುವವರೊಬ್ಬರ ಮನೆಗೆ ಹೋದೆವು. ಹಿತ್ತಲಲ್ಲಿ ಫಿನಾಯಿಲ್ ಜೊತೆಗೆ ಬೇಯುವ ಮಾಂಸದ ವಾಸನೆ. ಮೂಗು ಮುಚ್ಚಿಕೊಂಡರೆ ಮರಿ ಕೊಡುವುದಿಲ್ಲವೇನೋ ಎಂದು ಉಸಿರು ಬಿಗಿಹಿಡಿದು ನಿಂತೆ. ಉಳಿದಿದ್ದವು ಎರಡೇ ಮರಿ. ಡಾಬರ್‌ಮನ್ ಕರ್ರಗೆ, ಸಣಕಲಾಗಿತ್ತು. ಅಲ್ಸೇಷಿಯನ್ ದಪ್ಪ ಪಾದಗಳ ಗುಂಡಣ್ಣ. ಬಂದವನೇ ನನ್ನ ಲಂಗ ಕಚ್ಚಿ ಎಳೆದ.

"ಡಾಬರ್‌ಮನ್ನೇ ತಗೊಳ್ಳಿ ಸಾರ್. ಎರಡಕ್ಕೂ ಮಾಂಸ ಬೇಕು, ಆದ್ರೆ ಅಲ್ಸೇಷಿಯನ್ನಿಗೆ ಮೂಳೆ ದಪ್ಪ. ಮಾಂಸ, ಮೊಟ್ಟೆ ಇಲ್ದೆ ಕಾಲು ನಿಲ್ಲಲ್ಲ," ಎಂದರು ಮರಿ ಮಾರುವವರು.

"ನಮ್ಮನೇಲಿ ದಿನಾ ಮಾಡ್ತಾರೆ!" ಎಂದುಬಿಟ್ಟೆ.

ಅವರು ಅಪ್ಪನ ಹಣೆಯ ವಿಭೂತಿ ನೋಡಿ ನಕ್ಕರು. "ದಿನಾ ಏನ್ ಮಾಡ್ತಾರಮ್ಮ, ಕೋಸಂಬರೀನಾ?"

ಅಪ್ಪನಿಗೆ ನಾಚಿಕೆಯಾಯಿತು. "ಮೊಟ್ಟೆ ಎಂಗಾದ್ರೂ ಹಾಕ್ತೀನಿ ಬುಡಿ," ಎಂದು ಗುಂಡಣ್ಣನನ್ನೇ ಎತ್ತಿಕೊಂಡರು. ಅವನಿಗೆ ಟೈಗರ್ ಎಂದು ಹೆಸರಿಟ್ಟೆವು.

ಅಪ್ಪನ ತಾಯಿ, ನನ್ನ ಅಜ್ಜಿ, ಕೊರಳಲ್ಲಿ ಲಿಂಗ ಕಟ್ಟಿದವರು. "ಮೊಟ್ಟೆ ಗೇಟು ದಾಟಿ ಒಳಗ್ ಬಂತೋ, ನಾನು ಗೇಟು ದಾಟಿ ಆಚೆ ಹೋಯ್ತೀನಿ," ಎಂದರು. ಟೈಗರ್ ಮೇಲೆ ಪ್ರೀತಿಯಿರಲಿಲ್ಲ ಎಂದಲ್ಲ. ದಿನಾ ಬೆಳಿಗ್ಗೆ ಮೊದಲ ತುತ್ತು ಅವನಿಗೇ, ಮೊಸರನ್ನ ಕಲಸಿ ಉಂಡೆ ಮಾಡಿ ತಿನ್ನಿಸುತ್ತಿದ್ದರು. "ಇದ್ನೇ ಉಂಡು ನಿಮ್ಮಪ್ಪ ಆರಡಿ ಬೆಳೆದ. ಈ ಮುಂಡೇದು ಬೆಳೆಯಲ್ವಾ?"

ಐದು ತಿಂಗಳಾಗುವಷ್ಟರಲ್ಲಿ ಅವನ ಮುಂಗಾಲು ಬಿಲ್ಲಿನಂತೆ ಬಾಗಿತು. ಪಶುವೈದ್ಯರು ಟಾನಿಕ್ ಬರೆದುಕೊಟ್ಟು, "ಬರೀ ಅನ್ನ ಹಾಕಿ ಇದನ್ನ ಸಾಯಿಸ್ತಿದೀರಲ್ರೀ!" ಎಂದು ಅಪ್ಪನನ್ನು ಗದರಿದರು.

ಅಪ್ಪ ಗುಟ್ಟಾಗಿ ಎದುರು ಮನೆಯ ಮೇರಿ ಆಂಟಿಯನ್ನು ಕೇಳಿಕೊಂಡರು. ಸ್ಕೂಲಿಂದ ಬಂದ ತಕ್ಷಣ ಟೈಗರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬೇಯಿಸಿದ ಮೊಟ್ಟೆ ತಿನ್ನಿಸುವುದು ನನ್ನ ಕೆಲಸ. ಅವನು ಸಿಪ್ಪೆಯನ್ನೂ ಬಿಡುತ್ತಿರಲಿಲ್ಲ. ಒಂಬತ್ತು ದಿನ ನಡೆಯಿತು. ಹತ್ತನೆಯ ದಿನ ಜಡೆ ಹಾಕುತ್ತಿದ್ದ ಅಜ್ಜಿಗೆ ನನ್ನ ಕೈಯ ವಾಸನೆ ಬಡಿಯಿತು.

"ಲಿಂಗ ಮುಟ್ಟಿ ಹೇಳು, ಏನಿದು?"

ಹೇಳಿಬಿಟ್ಟೆ. ಅಜ್ಜಿ ಬೈಯಲಿಲ್ಲ, ಊಟ ಬಿಟ್ಟರು. ಮಾರನೆಯ ದಿನವೂ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಮೂರನೆಯ ದಿನ ಅಪ್ಪ ನನ್ನನ್ನು ಕರೆದು, "ಇನ್ನು ಆಂಟಿ ಮನೆಗೆ ಹೋಗ್ಬೇಡ ಕಣಮ್ಮ," ಎಂದರು. ಅಜ್ಜಿ ಉಂಡರು. ನನಗೆ ಅಜ್ಜಿಯನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ತಿಂಗಳು ಕಳೆಯುವಷ್ಟರಲ್ಲಿ ಒಂದು ಮಧ್ಯಾಹ್ನ, ನನ್ನನ್ನು ಕಂಡ ಖುಷಿಗೆ ಟೈಗರ್ ಜಗಲಿಯಿಂದ ಹಾರಿದ. ಅಷ್ಟಕ್ಕೇ ಕಾಲು ಮುರಿಯಿತು. ಅವನು ಕಿರುಚಿದ್ದು ಬೀದಿಗೆಲ್ಲ ಕೇಳಿಸಿತು. ಅಪ್ಪ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಆಟೋದಲ್ಲಿ ಕರೆದೊಯ್ದರು. ಮೂಳೆ ಇನ್ನು ಕೂಡುವುದಿಲ್ಲ ಎಂದು ವೈದ್ಯರು ಪ್ರಾಣ ಹೋಗುವ ಸೂಜಿ ಹಾಕಿದರಂತೆ. ಅಪ್ಪ ಬರಿಗೈಯಲ್ಲಿ ಬಂದರು.

ಈಗ ಆ ಬೀದಿಯಲ್ಲಿ ಹೆಸರು ಹೇಳಲು ಬಾರದ ಜಾತಿಯ ನಾಯಿಗಳಿವೆ, ಅವುಗಳ ಊಟ ಚೀಲದಲ್ಲಿ ಬರುತ್ತದೆ. ನನ್ನ ಫ್ರಿಜ್ಜಿನಲ್ಲೂ ಮೊಟ್ಟೆಯಿದೆ, ಯಾಕೆಂದು ಯಾರೂ ಕೇಳುವುದಿಲ್ಲ. ಅಪ್ಪ ಇಲ್ಲ, ಅಜ್ಜಿಯೂ ಇಲ್ಲ.

ಅಪ್ಪ ಬರಿಗೈಯಲ್ಲಿ ಬಂದ ದಿನ ಅಜ್ಜಿ ಜಗಲಿಯ ಮೇಲೆ ಕುಸಿದು, "ಅಯ್ಯೋ, ನಾನೇ ಕೊಂದ್ಬುಟ್ನಲ್ಲೋ," ಎಂದು ಎದೆ ಬಡಿದುಕೊಂಡು ಅತ್ತಿದ್ದರು. ಅಪ್ಪ ಗೋಡೆ ನೋಡುತ್ತ ನಿಂತರು. ಅಮ್ಮ ಒಳಗೆ ಹೋದಳು. ಅಳಲಿ, ಅಳಬೇಕು ಎಂದುಕೊಂಡು ನಾನೂ ಹತ್ತಿರ ಹೋಗಲಿಲ್ಲ. ಅಜ್ಜಿ ಆಮೇಲೂ ಹನ್ನೊಂದು ವರ್ಷ ಬದುಕಿದ್ದರು. ಅಷ್ಟು ವರ್ಷಗಳಲ್ಲಿ ನಮ್ಮಲ್ಲಿ ಒಬ್ಬರೂ ಅವರಿಗೆ "ಇಲ್ಲ ಬಿಡಿ, ನೀವು ಕೊಂದಿಲ್ಲ" ಎನ್ನಲಿಲ್ಲ.