ಸತ್ತ ಗಿರಾಕಿಯನ್ನು ಕದ್ದ ಮೊಕದ್ದಮೆ

ಜಾರ್ಜಿಯದ ಆ ಪುಟ್ಟ ಊರಿನಲ್ಲಿ ವರ್ಲೀನ್ ಟಾಲಿ ಎಂದರೆ ಹೆಂಗಸರ ತಲೆಗಳ ಚಕ್ರವರ್ತಿನಿ. ಬಾಚಣಿಗೆ ಅವಳ ಖಡ್ಗ, ಹೇರ್ ಸ್ಪ್ರೇ ಬ್ರಹ್ಮಾಸ್ತ್ರ. ಅವಳು ಕಟ್ಟಿದ ಕೇಶಗೋಪುರ ಬಿರುಗಾಳಿಗೂ ಜಗ್ಗುತ್ತಿರಲಿಲ್ಲ. ಈ ಸಾಮ್ರಾಜ್ಯವನ್ನು ಅವಳು ಬಹುಕಾಲ ಆಳಿದ್ದು ಡ್ವೇನ್ ಪ್ರೂಯಿಟನ ಸಲೂನಿನ ಮೂಲೆಯ ಕುರ್ಚಿಯಿಂದ. ಯಜಮಾನ ಡ್ವೇನನಿಗೆ ಕತ್ತರಿ ಹಿಡಿಯಲು ಬರುತ್ತಿರಲಿಲ್ಲ. ಗುರ್ರೆನ್ನುವುದು ಮಾತ್ರ ಚೆನ್ನಾಗಿ ಬರುತ್ತಿತ್ತು.

ಮಾತಿಗೆ ಮಾತು ಬೆಳೆದು ಅವಳು ಕೆಲಸ ಬಿಟ್ಟಾಗ ಡ್ವೇನ್ ಹಳೆಯ ಕರಾರು ತೋರಿಸಿದ: ಎರಡು ವರ್ಷ ಈ ಜಿಲ್ಲೆಯ ಬೇರಾವ ಸಲೂನಿನಲ್ಲೂ ದುಡಿಯಕೂಡದು. ವರ್ಲೀನ್ ಹಲ್ಲು ಕಚ್ಚಿಕೊಂಡು ದಿನವೂ ಪಕ್ಕದ ಜಿಲ್ಲೆಗೆ ಕಾರೋಡಿಸಿದಳು. ಗಡುವು ಮುಗಿಯಲು ಒಂದು ತಿಂಗಳಿತ್ತು. ಊರಲ್ಲಿ ಸ್ವಂತ ಅಂಗಡಿಗೆ ಬಣ್ಣ ಬಳಿಸಿಯೂ ಆಗಿತ್ತು.

ಅಷ್ಟರಲ್ಲಿ ಮಿಸ್ ಓಲೀಟಾ ತೀರಿಕೊಂಡಳು. ಒಂದು ಕಾಲದಲ್ಲಿ ಶುಕ್ರವಾರ ತಪ್ಪದೆ ವರ್ಲೀನಳಿಂದ ಸುರುಳಿ ಹಾಕಿಸಿಕೊಳ್ಳುತ್ತಿದ್ದ ಮುದುಕಿ. ಬದುಕಿದ್ದಾಗ ತಲೆ ಬಾಚಿದವಳೇ ಶವಪೆಟ್ಟಿಗೆಯಲ್ಲಿ ಮಲಗಿದಾಗಲೂ ಬಾಚಬೇಕು. ಆ ಕಡೆ ಅದು ಋಣ. ವರ್ಲೀನ್ ಊರಿನ ಹೆಣ ಇಡುವ ಮನೆಗೆ ಹೋಗಿ, ಕಾಸು ಮುಟ್ಟದೆ, ಕೊನೆಯ ಸುರುಳಿಗಳನ್ನು ಸುತ್ತಿ ಬಂದಳು.

ಅಂತಿಮ ದರ್ಶನಕ್ಕೆ ಬಂದ ಡ್ವೇನ್ ಮುಖಕ್ಕಿಂತ ಮೊದಲು ಕೂದಲು ನೋಡಿದ. ಯಾರ ಕೈ ಎಂದು ತಿಳಿಯಿತು. ವಾರದೊಳಗೆ ದಾವೆ: ವರ್ಲೀನ್ ಕರಾರು ಮುರಿದು ಗಿರಾಕಿಯನ್ನು ಕದ್ದಿದ್ದಾಳೆ, ಎರಡು ವರ್ಷ ಮತ್ತೆ ಮೊದಲಿಂದ ಎಣಿಸಬೇಕು.

“ತಪ್ಪಾಯ್ತು ಅಂತ ಬರ್ಕೊಡು, ಬಿಟ್ಬಿಡ್ತೀನಿ” ಎಂದು ಫೋನಿನಲ್ಲಿ ಗುರ್ರೆಂದ.

“ಓಲೀಟಾನೂ ಸೇರಿಸ್ಕೊಳ್ಳೋ. ಸ್ಮಶಾನಕ್ಕೆ ಸಮನ್ಸ್ ಕಳಿಸು” ಎಂದು ವರ್ಲೀನ್ ಫೋನ್ ಕುಕ್ಕಿದಳು. ಆಮೇಲೆ ಕೂತು ಕೋರ್ಟಿಗೆ ಉತ್ತರ ಬರೆದಳು: ಹೆಣ ಇಡುವ ಮನೆ ಸಲೂನಲ್ಲ, ಹೆಣ ಗಿರಾಕಿಯಲ್ಲ.

ಕುರುಕ್ಷೇತ್ರ ಸೋಮವಾರ ಬೆಳಿಗ್ಗೆ ಶುರುವಾಯಿತು. ಡ್ವೇನ್ ಕೂದಲಿಗೆ ಹೊಸದಾಗಿ ಕಪ್ಪು ಬಳಿದುಕೊಂಡು ಬಂದಿದ್ದ.

“ನಿಮಗಾದ ನಷ್ಟ ಏನಪ್ಪ?” ಎಂದರು ನ್ಯಾಯಾಧೀಶರು.

“ಸ್ವಾಮಿ, ಆಯಮ್ಮ ಆ ಶುಕ್ರವಾರಕ್ಕೆ ನಮ್ಮಲ್ಲೇ ಹೊತ್ತು ಗೊತ್ತು ಮಾಡಿದ್ರು. ಬರ್ಲಿಲ್ಲ.”

“ಯಾಕೆ ಬರಲಿಲ್ಲ?”

“ಬುಧವಾರ ತೀರ್ಕೊಂಡ್ರು.”

“ಅಂದರೆ ನಿಮ್ಮ ಗಿರಾಕಿಯನ್ನ ಕರ್ಕೊಂಡು ಹೋದದ್ದು ವರ್ಲೀನಾ, ಸಾವಾ?”

ಡ್ವೇನ್ ಕಪ್ಪು ಬಳಿದ ತಲೆ ಕೆರೆದುಕೊಂಡ. “ಇಬ್ಬರದೂ ಪಾಲಿದೆ ಸ್ವಾಮಿ.”

ಶುಕ್ರವಾರ ಸುರುಳಿ ಹಾಕಿಸಿಕೊಳ್ಳುವ ಮುದುಕಿಯರಿಂದ ಕಿಕ್ಕಿರಿದಿದ್ದ ಕೋರ್ಟು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಊಟದ ಹೊತ್ತಿಗೆ ದಾವೆ ವಜಾ ಆಯಿತು. ಹಳೆಯ ಗಡುವೇ ಉಳಿಯಿತು.

ಮೆಟ್ಟಿಲ ಮೇಲೆ ಡ್ವೇನ್ ಅಡ್ಡ ನಿಂತ. “ನಿನ್ನ ಅಂಗಡಿ ಹೇಗೆ ನಡೆಯುತ್ತೋ ನೋಡ್ತೀನಿ.”

ವರ್ಲೀನ್ ಅವನ ಸುತ್ತ ಒಂದು ಪ್ರದಕ್ಷಿಣೆ ಬಂದು ತಲೆಯನ್ನು ಕಣ್ಣಲ್ಲೇ ಅಳೆದಳು.

“ನೋಡು, ಡ್ವೇನ್. ನಿನಗೂ ಕೊನೇಲಿ ನಾನೇ ಬರ್ತೀನಿ, ಪುಕ್ಕಟೆಯಾಗಿ. ಹಿಂದುಗಡೆ ಪೂರ್ತಿ ಬೋಳಾಗಿದೆ. ಅಂಗಾತ ಮಲಗಿಸಿದರೆ ಕಾಣಲ್ಲ ಬಿಡು.”