ಗ್ರೀಸ್ ದೇವರ ಗೋತ್ರ

ಮೊನ್ನೆ ಎದುರು ಮನೆಯ ಹುಡುಗಿ ಬಂದು, “ಆಂಟಿ, ರಜಕ್ಕೆ ಒಂದೊಳ್ಳೇ ಪುಸ್ತಕ ಹೇಳಿ” ಎಂದಳು. ಇಂಥ ಮಾತು ಕೇಳಿದರೆ ನನಗೆ ಮದುವೆ ದಲ್ಲಾಳಿಗೆ ಜಾತಕ ಸಿಕ್ಕಷ್ಟು ಹುರುಪು. ಗ್ರೀಕ್ ಪುರಾಣದ ದೇವರುಗಳು ಹದಿಹರೆಯದವರ ಬೆನ್ನು ಹತ್ತುವ ಸರಣಿಯೊಂದರ ಮೊದಲ ಭಾಗವನ್ನು ಕಪಾಟಿನಿಂದ ತೆಗೆದೆ. ಪುಟ ತೆರೆದರೆ ಮಷೀನ್ ಎಣ್ಣೆಯ ವಾಸನೆ, ಒಂದು ಸಾಲಿನ ಮೇಲೆ ಕಪ್ಪು ಹೆಬ್ಬೆಟ್ಟು. ಅದು ಸಿದ್ದಪ್ಪನವರದು.

ಕೆಲವು ವರ್ಷಗಳ ಹಿಂದೆ ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡುವ ಕೆಲಸದಲ್ಲಿದ್ದೆ. ಅವನ್ನು ಲೇಥ್‌ನಲ್ಲಿ ಕಡೆಯುತ್ತಿದ್ದವರು ಗದಗ ಕಡೆಯ ಸಿದ್ದಪ್ಪ. ಎಡಗಾಲು ಚಿಕ್ಕಂದಿನಿಂದಲೂ ಕುಂಟು; ಕೈ ಮಾತ್ರ ಕೂದಲೆಳೆಯಷ್ಟೂ ತಪ್ಪದು. ಊಟದ ಹೊತ್ತಿನಲ್ಲಿ ಅವರ ಶೇಂಗಾ ಚಟ್ನಿಗೂ ನನ್ನ ಚಿತ್ರಾನ್ನಕ್ಕೂ ವಿನಿಮಯ. ಲಾಭ ಯಾರಿಗೆಂದು ನನ್ನ ಚಿತ್ರಾನ್ನ ತಿಂದವರು ಹೇಳಬಲ್ಲರು.

ಅವರು ಹೈಸ್ಕೂಲು ಓದುವ ತಮ್ಮ ಮಗಳಿಗೆ ಇಂಗ್ಲಿಷ್ ಪುಸ್ತಕ ಬೇಕು ಎಂದಾಗ ಈ ಸರಣಿಯನ್ನೇ ಹೊಗಳಿದೆ. ಗ್ರೀಸ್ ದೇವರುಗಳ ಕಥೆ ಎಂದರೆ ಅವರು ಜಿಡ್ಡಾದ ಅಂಗೈ ನೋಡಿಕೊಂಡು, “ಗ್ರೀಸಿಗೂ ದೇವರದಾನೇನ್ರಿ?” ಎಂದರು. ಅದು ದೇಶವೆಂದು ತಿಳಿದ ಮೇಲೂ ಬಿಡಲಿಲ್ಲ. “ಮೊದ್ಲ ಕಥಿ ನನಗ ಹೇಳ್ರಿ ಮೇಡಂ. ಹುಡುಗಿ ಏನ್ ಓದ್ತಾಳ ಅಂತ ಗೊತ್ತಾಗ್ಬೇಕಲ್ಲ.”

ದಿನಕ್ಕೊಂದು ಅಧ್ಯಾಯ ಹೇಳತೊಡಗಿದೆ. ದೇವತೆಗಳಿಗೆ ಆಯುಧ ಮಾಡಿಕೊಡುವ ಕಮ್ಮಾರ ದೇವರು ಬಂದ. ಆತ ಕುಂಟ. ಸಿದ್ದಪ್ಪನವರೆದುರು ಆ ಮಾತಿಗೆ ನನ್ನ ನಾಲಿಗೆ ಏಳಲಿಲ್ಲ. “ಆರಡಿ ಆಳು, ನಡೆದ್ರೆ ಭೂಮಿ ನಡುಗುತ್ತೆ” ಎಂದು ನನ್ನದೊಂದು ಪುರಾಣ ಸೇರಿಸಿಬಿಟ್ಟೆ.

ಪುಸ್ತಕ ಅವರ ಮನೆಗೆ ಹೋಯಿತು. ವಾರದ ಬಳಿಕ ಸಿದ್ದಪ್ಪ ಬುತ್ತಿ ಹಿಡಿದು ದೂರ ಕುಳಿತರು. ಚಟ್ನಿಯಿಲ್ಲದೆ ಎರಡು ದಿನ ಕಳೆದು, ಲೇಥ್ ಬಳಿ ಹೋಗಿ ನಾನೇ ವಿಚಾರಿಸಿದೆ. ಅವರು ಚೀಲದಿಂದ ಪುಸ್ತಕ ತೆಗೆದು, ಮಗಳು ಗುರುತು ಹಾಕಿದ್ದ ಸಾಲಿನ ಮೇಲೆ ಹೆಬ್ಬೆಟ್ಟು ಒತ್ತಿದರು.

“ದೇವರು ಕುಂಟ ಅದಾನಂತ. ನೀವ್ಯಾಕ ಅವನ ಕಾಲು ನೆಟ್ಟಗ ಮಾಡಿದ್ರಿ?”

“ನಿಮಗೆ ಬೇಜಾರಾಗುತ್ತೆ ಅಂತ…”

“ಕುಂಟೋನು ನಾನ್ರಿ. ನಾಚಿಕಿ ನಿಮಗ್ಯಾಕ?”

ಕೆಲಸದಲ್ಲಿ ಕೂದಲೆಳೆಯ ತಪ್ಪು ಹುಡುಕುತ್ತಿದ್ದವಳು ನಾನು. ಪುಸ್ತಕ ತೆಗೆದುಕೊಂಡು ತಲೆತಗ್ಗಿಸಿ ಬಂದೆ.

ಆಯುಧಪೂಜೆ ಬಂತು. ಲೇಥ್‌ಗೆ ಚೆಂಡುಹೂವಿನ ಹಾರ, ಬಾಗಿಲಲ್ಲಿ ಬೂದುಗುಂಬಳ. ಪುರೋಹಿತರು ಒಬ್ಬೊಬ್ಬರ ಹೆಸರು, ಗೋತ್ರ ಕೇಳಿ ಅರ್ಚನೆ ಮಾಡುತ್ತಿದ್ದರು. ಸಿದ್ದಪ್ಪ ಮುಂದೆ ಬಂದರು.

“ಕಮ್ಮಾರಪ್ಪನ ಹೆಸರಿಗೂ ಒಂದು ಮಾಡ್ರಿ.”

“ಅವ್ರು ಬಂದಿಲ್ವಾ?”

“ಗ್ರೀಸ್ ಕಡ್ಯಾಂವ್ರೀ. ದೂರ ಆಗ್ತೈತಿ.”

“ಗೋತ್ರ?”

ಸಿದ್ದಪ್ಪ ನನ್ನತ್ತ ಕೈ ತೋರಿಸಿದರು. ನಾನು ಗೊತ್ತಿಲ್ಲವೆಂದು ತಲೆಯಾಡಿಸಿದೆ.

“ಗೊತ್ತಿಲ್ದಿದ್ರೆ ಕಾಶ್ಯಪ ಅಂತ ಸೇರಿಸ್ತೀನಿ ಬಿಡಿ” ಎಂದು ಪುರೋಹಿತರು ಮಂತ್ರ ಮುಂದುವರಿಸಿದರು.

ಸೆರಗು ಬಾಯಿಗಿಟ್ಟು ನಗು ತಡೆಯುತ್ತಿದ್ದೆ. ಸಿದ್ದಪ್ಪ ಕುಂಟುತ್ತ ಬಂದು ನನ್ನ ಬೊಗಸೆಗೆ ಕಡ್ಲೆಪುರಿ ಸುರಿದರು. “ನಾಡಿದ್ದು ಚಟ್ನಿ ತರ್ತೀನ್ರಿ. ಮುಂದಿನ ಭಾಗದ ಕಥಿ ಹೇಳ್ರಿ. ಈ ಸಲ ಇದ್ದದ್ದು ಇದ್ದಂಗ.” ನನ್ನ ಕಣ್ಣು ತುಂಬಿಬಂತು. ಮಂಗಳಾರತಿಯ ಹೊಗೆ ಎಂದೆ.

ಎದುರು ಮನೆಯ ಹುಡುಗಿ ಕಪ್ಪು ಹೆಬ್ಬೆಟ್ಟನ್ನು ನೋಡುತ್ತ, “ಇದ್ರಲ್ಲಿ ಅಂಥಾದ್ದೇನಿದೆ ಆಂಟಿ?” ಎಂದಳು.

“ಒಬ್ಬ ಕುಂಟ ದೇವರಿದಾನೆ ಕಣೇ. ಕಾಶ್ಯಪ ಗೋತ್ರ” ಎಂದೆ.